ಜರ್ಮನಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರು: ಯಾರಿಂದ ಕೊಳ್ಳಬೇಕು, ಯಾವ ವಿಮೆ ಮಾಡಿಸಬೇಕು

ಬೆಂಗಳೂರಿನಿಂದ ಸ್ಟುಟ್‌ಗಾರ್ಟಿಗೋ ಮ್ಯೂನಿಕ್‌ಗೋ ಕೆಲಸದ ಮೇಲೆ ಬಂದವರು, ಬಾಡಿಗೆ ಮನೆ ಸಿಕ್ಕಿ ಒಂದೆರಡು ತಿಂಗಳು ಕಳೆಯುತ್ತಿದ್ದಂತೆಯೇ, ಗಾಲ್ಫ್ ಒಳ್ಳೆಯದೋ, ಪೋಲೋ ಸಾಕೋ, ಸ್ಕೋಡಾ ಆಗಬಹುದೋ ಎಂದು ವಿಚಾರಿಸಲು ತೊಡಗುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಈಗ ನೋಡಿದರೆ ಅದು ಎಲ್ಲಕ್ಕಿಂತ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎನಿಸುತ್ತದೆ. ಅದಕ್ಕೂ ಮೊದಲು ತಿಳಿದಿರಬೇಕಾದವು ಮೂರು: ನಿಮ್ಮ ಭಾರತದ ಲೈಸೆನ್ಸ್ ಇಲ್ಲಿ ಯಾವ ತಾರೀಖಿನವರೆಗೆ ನಡೆಯುತ್ತದೆ, ಈ ದೇಶದಲ್ಲಿ ಎಷ್ಟು ವರ್ಷ ಇರುವ ಅಂದಾಜಿದೆ, ಮತ್ತು ಕಾರು ಕೈಕೊಟ್ಟರೆ ಮಾರಿದವನೊಂದಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದು ವ್ಯಾಜ್ಯ ಮಾಡುವ ಶಕ್ತಿ ಮತ್ತು ತಾಳ್ಮೆ ನಿಮಗಿದೆಯೇ. ಯಾರಿಂದ ಕೊಳ್ಳಬೇಕು, ಎಷ್ಟು ಹಣ ಹಾಕಬೇಕು, ಯಾವ ವಿಮೆ ಸಾಕು ಎಂಬುದೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಲೈಸೆನ್ಸಿನ ತಾರೀಖು

ಜರ್ಮನಿಯಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಕಾರು ಓಡಿಸಬಹುದು. ಒಟ್ಟು ವಾಸ ಹನ್ನೆರಡು ತಿಂಗಳನ್ನು ಮೀರುವುದಿಲ್ಲವೆಂದು ದಾಖಲೆ ತೋರಿಸಿದವರಿಗೆ ಈ ಅವಧಿಯನ್ನು ವಿಸ್ತರಿಸಿ ಕೊಡುವುದುಂಟು. ಉಳಿದವರು ಜರ್ಮನ್ ಲೈಸೆನ್ಸ್ ಪಡೆಯಲೇಬೇಕು. ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ಪಟ್ಟಿಯಲ್ಲಿ ಭಾರತ ಇಲ್ಲ. ಆದ್ದರಿಂದ ಪ್ರಥಮ ಚಿಕಿತ್ಸೆಯ ತರಬೇತಿ, ಕಣ್ಣಿನ ಪರೀಕ್ಷೆ, ಬರಹದ ಪರೀಕ್ಷೆ ಮತ್ತು ರಸ್ತೆಯ ಪರೀಕ್ಷೆ ನಾಲ್ಕೂ ಆಗಬೇಕು. ಹೊಸಬರಿಗೆ ಕಡ್ಡಾಯವಾದ ತರಗತಿಗಳಿಂದ ನಮಗೆ ವಿನಾಯಿತಿ ಇದೆ. ಆದರೆ ರಸ್ತೆ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗಬೇಕಾದ್ದರಿಂದ, ಹತ್ತು ವರ್ಷ ಹೊಸೂರು ರಸ್ತೆಯಲ್ಲಿ ಕಾರು ಓಡಿಸಿದವರೂ ಕೆಲವು ಪಾಠಗಳಿಗೆ ದುಡ್ಡು ಕೊಡುವುದು ತಪ್ಪುವುದಿಲ್ಲ. ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮ ಮತ್ತು ತಿರುಗುವಾಗ ಭುಜದ ಮೇಲಿಂದ ಹಿಂದೆ ಕಣ್ಣು ಹಾಯಿಸುವ ಅಭ್ಯಾಸ, ಇವೆರಡರಲ್ಲೇ ನಮ್ಮವರು ಎಡವುವುದು.

ಆರು ತಿಂಗಳು ಮುಗಿದ ಮೇಲೂ ಹಳೆಯ ಲೈಸೆನ್ಸಿನಲ್ಲಿ ಓಡಿಸುವುದು ಇಲ್ಲಿ ಬರೀ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಅಪರಾಧ. ಆ ಸ್ಥಿತಿಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು, ಆಮೇಲೆ ನಿಮ್ಮಿಂದ 5,000 ಯೂರೋವರೆಗೆ ವಸೂಲಿ ಮಾಡಬಹುದು. ನಿಮ್ಮ ಕಾರಿನ ದುರಸ್ತಿಗೆ ಏನೂ ಕೊಡದೆಯೂ ಇರಬಹುದು. ಆದಕಾರಣ ನನ್ನ ಸಲಹೆ: ನಾಲ್ಕನೆಯ ತಿಂಗಳಾಗಿದ್ದು, ಪರೀಕ್ಷೆಯ ಅರ್ಜಿಯನ್ನೇ ಹಾಕಿಲ್ಲವಾದರೆ ಈಗ ಕಾರು ಕೊಳ್ಳಬೇಡಿ. ಮನೆ ಮುಂದೆ ನಿಂತ ಕಾರಿಗೂ ವಿಮೆ ಮತ್ತು ತೆರಿಗೆ ಕಟ್ಟುತ್ತಿರಬೇಕಾಗುತ್ತದೆ. ಇನ್ನೊಂದು ಮಾತು. ಆಟೊಮ್ಯಾಟಿಕ್ ಕಾರಿನಲ್ಲೇ ಪರೀಕ್ಷೆ ಕೊಟ್ಟರೆ, ಗೇರ್ ಕಾರಿನ ಪ್ರತ್ಯೇಕ ತರಬೇತಿ ಮತ್ತು ಓಡಿಸಿ ತೋರಿಸುವಿಕೆ ಆಗುವವರೆಗೆ ಲೈಸೆನ್ಸ್ ಆಟೊಮ್ಯಾಟಿಕ್‌ಗೆ ಸೀಮಿತವಾಗುತ್ತದೆ. ಅಗ್ಗದ ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ಹೆಚ್ಚಿನವು ಗೇರಿನವೇ ಆಗಿರುವುದರಿಂದ, ಪರೀಕ್ಷೆಗೆ ಯಾವ ಕಾರನ್ನು ಆರಿಸುತ್ತೀರೋ ಅದು ಮುಂದೆ ನಿಮ್ಮ ಬಜೆಟ್ಟನ್ನೂ ನಿರ್ಧರಿಸುತ್ತದೆ.

ಕೊಳ್ಳುವುದೋ, ತಿಂಗಳ ಲೆಕ್ಕದಲ್ಲಿ ಪಡೆಯುವುದೋ

ಒಂದು ವರ್ಷದ ಒಪ್ಪಂದದ ಮೇಲೆ ಬಂದವರಿಗೆ ಕಾರು ಕೊಳ್ಳುವುದು ಅಷ್ಟಾಗಿ ಲಾಭದ ಮಾತಲ್ಲ. ಆಟೊ‌ಆಬೊ ಎಂದು ಕರೆಯುವ ಮಾಸಿಕ ಬಾಡಿಗೆಯ ವ್ಯವಸ್ಥೆಯಲ್ಲಿ ವಿಮೆ, ತೆರಿಗೆ, ಸರ್ವಿಸ್, ಟೈರು ಎಲ್ಲವೂ ಒಂದೇ ಕಂತಿನಲ್ಲಿ ಸೇರಿರುತ್ತವೆ. ಪೆಟ್ರೋಲ್ ಮಾತ್ರ ನಿಮ್ಮದು. ಕಂತು ದುಬಾರಿ ಎನಿಸಿದರೂ, ಊರಿಗೆ ಹಿಂದಿರುಗುವ ತಿಂಗಳಲ್ಲಿ ಮನೆ ಖಾಲಿ ಮಾಡುವ ಗಡಿಬಿಡಿಯ ನಡುವೆ ಸಿಕ್ಕ ಬೆಲೆಗೆ ಕಾರನ್ನು ಮಾರುವ ನಷ್ಟವನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ಮಾರುವವನ ಅವಸರವನ್ನು ಕೊಳ್ಳುವವನು ಮೂಸಿಯೇ ತಿಳಿಯುತ್ತಾನೆ. ಇದರ ಕೊರತೆ ಏನೆಂದರೆ, ಈ ವ್ಯವಸ್ಥೆಯಲ್ಲಿ ವಿಮೆ ಕಂಪನಿಯ ಹೆಸರಿನಲ್ಲಿರುವುದರಿಂದ ನಿಮ್ಮ ಹೆಸರಿಗೆ ಅಪಘಾತರಹಿತ ವರ್ಷಗಳ ಲೆಕ್ಕ ಸೇರುವುದಿಲ್ಲ. ಆ ಲೆಕ್ಕ ಎಷ್ಟು ಮುಖ್ಯವೆಂಬುದು ಮುಂದೆ ಬರುತ್ತದೆ. ಎರಡು ವರ್ಷ ಮೀರಿ ಇರುವ ಭರವಸೆ ಇರುವವರು, ಅದರಲ್ಲೂ ಮಕ್ಕಳಿದ್ದು ಊರಿನ ಹೊರಗೆ ಮನೆ ಮಾಡಿದವರು, ಕೊಳ್ಳುವುದೇ ಸರಿ.

ಡೀಲರೋ, ಖಾಸಗಿ ಮಾರಾಟಗಾರನೋ

ಮೊಬಿಲೆ ಡಿಇ, ಆಟೊಸ್ಕೌಟ್24, ಕ್ಲೈನ್‌ಆನ್ತ್ಸೈಗನ್ ಈ ಮೂರು ಜಾಹೀರಾತು ಜಾಲತಾಣಗಳಲ್ಲೂ ಒಂದೇ ವರ್ಷದ, ಒಂದೇ ಮಾದರಿಯ ಕಾರು ಡೀಲರ ಬಳಿ ಹೆಚ್ಚು ಬೆಲೆಗೂ ಖಾಸಗಿಯವರ ಬಳಿ ಕಡಿಮೆ ಬೆಲೆಗೂ ಕಾಣಿಸುತ್ತದೆ. ಆ ವ್ಯತ್ಯಾಸವನ್ನು ಡೀಲರ ದುರಾಸೆ ಎಂದು ತಿಳಿಯುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಅದು ದೂರು ಕೊಡುವ ಹಕ್ಕಿನ ಬೆಲೆ.

ಜರ್ಮನ್ ಕಾನೂನಿನಂತೆ ಡೀಲರು ಗ್ರಾಹಕನಿಗೆ ಮಾರಿದ ವಸ್ತುವಿನ ದೋಷಕ್ಕೆ ಎರಡು ವರ್ಷ ಹೊಣೆಗಾರ. ಬಳಸಿದ ವಸ್ತುವಾದರೆ ಪ್ರತ್ಯೇಕವಾಗಿ ತಿಳಿಸಿ, ಒಪ್ಪಿಸಿ, ಅದನ್ನು ಒಂದು ವರ್ಷಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಇದಕ್ಕೆ ಗೆವೇರ್‌ಲೈಸ್ಟುಂಗ್ ಎನ್ನುತ್ತಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಮೊದಲ ಹನ್ನೆರಡು ತಿಂಗಳಲ್ಲಿ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ಸಾಬೀತು ಮಾಡುವ ಭಾರ ಡೀಲರದು. ಭಾಷೆ ಅರ್ಧಂಬರ್ಧ ಬರುವ ಪರದೇಶಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್‌ಗಳ ಸಹಜ ಸವೆತ ಮಾತ್ರ ಇದರಲ್ಲಿ ಬರುವುದಿಲ್ಲ. ಇದನ್ನೂ ಗರಾಂಟೀ ಎಂಬುದನ್ನೂ ಒಂದೇ ಎಂದು ತಿಳಿಯಬಾರದು. ಗರಾಂಟೀ ಎಂಬುದು ಡೀಲರು ಬೇರೊಂದು ಕಂಪನಿಯ ಮೂಲಕ ಕೊಡುವ, ಹೆಚ್ಚಾಗಿ ದುಡ್ಡಿಗೆ ಮಾರುವ ಒಪ್ಪಂದ. ಕಾರು ಎಷ್ಟು ಹೆಚ್ಚು ಕಿಲೋಮೀಟರ್ ಓಡಿದೆಯೋ ಬಿಡಿಭಾಗದ ವೆಚ್ಚದಲ್ಲಿ ಅದು ಕೊಡುವ ಪಾಲು ಅಷ್ಟು ಕಡಿಮೆಯಾಗುತ್ತ ಹೋಗುವುದು ಸಾಮಾನ್ಯ. ಕಾನೂನಿನ ಹಕ್ಕು ನಿಮಗೆ ಪುಕ್ಕಟೆಯಾಗಿಯೇ ಇದೆ. ಅದರ ಮೇಲೆ ಗರಾಂಟೀಗೆ ದುಡ್ಡು ಕೊಡುವ ಮುನ್ನ ಪಟ್ಟಿಯಲ್ಲಿ ಎಂಜಿನ್ನಿನ ಯಾವ ಭಾಗಗಳು ಸೇರಿವೆ ಎಂದು ಸಾಲುಸಾಲಾಗಿ ಓದಿ.

ಖಾಸಗಿ ಮಾರಾಟಗಾರನಾದರೋ ಈ ಹೊಣೆಯನ್ನು ಒಂದು ವಾಕ್ಯದಲ್ಲಿ ಪೂರ್ತಿ ಕಳೆದುಕೊಳ್ಳಬಹುದು, ಕಳೆದುಕೊಳ್ಳುತ್ತಾನೆ ಕೂಡ. ಎಡಿಎಸಿ ಎಂಬ ವಾಹನ ಚಾಲಕರ ಸಂಘದ ಮಾದರಿ ಒಪ್ಪಂದ ಪತ್ರದಲ್ಲೇ ಆ ವಾಕ್ಯ ಅಚ್ಚಾಗಿರುತ್ತದೆ. ಗೊತ್ತಿದ್ದೂ ದೋಷ ಮುಚ್ಚಿಟ್ಟಿದ್ದರೆ ಅವನು ಹೊಣೆಯಿಂದ ತಪ್ಪಿಸಿಕೊಳ್ಳಲಾರ, ನಿಜ. ಆದರೆ ಅವನಿಗೆ ಗೊತ್ತಿತ್ತೆಂದು ನೀವು ತೋರಿಸಬೇಕು. ನನ್ನ ಮೊದಲ ಕಾರು ಇಂಥದೇ. ಮಾರಿದ ಹಿರಿಯರು ಕಾಫಿ ಕೊಟ್ಟರು, ಸರ್ವಿಸ್ ಪುಸ್ತಕ ತೋರಿಸಿದರು, ಎರಡು ತಿಂಗಳ ಹಿಂದೆ ಟ್ಯೂಫ್ ಎಂಬ ಕಡ್ಡಾಯ ತಪಾಸಣೆ ಆಗಿದೆ ಎಂದರು. ಎಲ್ಲವೂ ಸತ್ಯ. ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಮೀರಿ ಮೂರು ವರ್ಷವಾಗಿತ್ತು ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಉಳಿಸಿದೆ ಎಂದುಕೊಂಡಿದ್ದ ಹಣವೆಲ್ಲ ಮೊದಲ ತಿಂಗಳಿನಲ್ಲೇ ಗ್ಯಾರೇಜಿಗೆ ಹೋಯಿತು. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಡೀಲರ ಬಳಿ ಹೋದೆವೆಂದ ಮಾತ್ರಕ್ಕೆ ಹಕ್ಕು ತಾನಾಗಿ ಬಂತೆಂದೂ ಅಲ್ಲ. ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಇಮ್ ಕುಂಡನ್‌ಔಫ್‌ಟ್ರಾಗ್' ಎಂದಿದ್ದರೆ, ಡೀಲರು ಬೇರೊಬ್ಬ ಖಾಸಗಿಯವರ ಪರವಾಗಿ ಮಾರುತ್ತಿದ್ದಾನೆ, ತಾನು ಬರೀ ಮಧ್ಯವರ್ತಿ ಎಂದು ಅರ್ಥ. ಬೆಲೆ ಡೀಲರದು, ರಕ್ಷಣೆ ಖಾಸಗಿಯವರದು. 'ಬಾಸ್ಟ್ಲರ್‌ಫಾರ್‌ತ್ಸೊಯ್ಗ್' ಎಂದರೆ ರಿಪೇರಿ ಹವ್ಯಾಸಿಗಳಿಗೆ ಮಾತ್ರ ತಕ್ಕದ್ದು. 'ರಫ್ತಿಗೆ ಅಥವಾ ವ್ಯಾಪಾರಿಗಳಿಗೆ ಮಾತ್ರ' ಎಂದಿದ್ದರೆ ಅದು ನಿಮಗಲ್ಲ. ಒಪ್ಪಂದ ಪತ್ರದಲ್ಲಿ ನಿಮ್ಮನ್ನು ವ್ಯಾಪಾರಿ ಎಂದು ಬರೆಸಲು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. 'ಉನ್‌ಫಾಲ್‌ಫ್ರೈ' ಎಂದರೆ ಅಪಘಾತವಾಗಿಲ್ಲವೆಂದು ಮಾರುವವನ ಮಾತು. 'ಲೌಟ್ ಫೋರ್‌ಬೆಸಿಟ್ಸರ್' ಎಂಬ ಎರಡು ಪದ ಅದಕ್ಕೆ ಅಂಟಿಕೊಂಡಿದ್ದರೆ, ಹಿಂದಿನ ಮಾಲೀಕ ಹಾಗೆಂದಿದ್ದಾನೆ, ನನಗೆ ಗೊತ್ತಿಲ್ಲ ಎಂದು ಕೈ ತೊಳೆದುಕೊಂಡಂತೆ. ಬೆಲೆಯ ಮುಂದೆ 'ಫೌಬೇ' (VB) ಎಂದಿದ್ದರೆ ಚೌಕಾಸಿಗೆ ಜಾಗವಿದೆ. ಆದರೆ ನಮ್ಮ ಕೆ.ಆರ್. ಮಾರುಕಟ್ಟೆಯ ರೀತಿಯಲ್ಲಿ ಅರ್ಧಕ್ಕೆ ಕೇಳಿದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಸವೆದ ಟೈರು, ಬರಲಿರುವ ಸರ್ವಿಸ್ ಇಂಥದೊಂದು ಕಾರಣ ತೋರಿಸಿ ಕೇಳಿದರೆ ಇಲ್ಲಿನವರು ಕಿವಿಗೊಡುತ್ತಾರೆ.

ಜರ್ಮನ್ ಭಾಷೆ ಚೆನ್ನಾಗಿ ಬರುವವರು ಅಥವಾ ಕಾರಿನ ಒಳಹೊರಗು ಬಲ್ಲ ಸ್ನೇಹಿತರಿರುವವರು ಖಾಸಗಿಯವರಿಂದ ಕೊಳ್ಳಬಹುದು. ಒಬ್ಬರೇ ಮಾಲೀಕರು ಹದಿನೈದು ವರ್ಷ ಗ್ಯಾರೇಜಿನಲ್ಲಿಟ್ಟು ಸಾಕಿದ ಕಾರು ಸಿಕ್ಕುವುದು ಅಲ್ಲಿಯೇ. ಮಿಕ್ಕವರಿಗೆ, ವಿಶೇಷವಾಗಿ ಇಲ್ಲಿ ಇದೇ ಮೊದಲ ಕಾರು ಎನ್ನುವವರಿಗೆ, ಸ್ವಂತ ವರ್ಕ್‌ಶಾಪ್ ಇರುವ ಡೀಲರೇ ವಾಸಿ. ಹೆಚ್ಚು ಕೊಟ್ಟ ಹಣ ಹೆಚ್ಚಾಯಿತು ಎನಿಸುವುದಿಲ್ಲ.

ನೋಡಲು ಹೋದಾಗ

ಜರ್ಮನಿಯಲ್ಲಿ ಪ್ರತಿ ಕಾರಿಗೂ ಎರಡು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಹೊಸ ಕಾರಿಗೆ ಮೊದಲನೆಯದು ಮೂರು ವರ್ಷಕ್ಕೆ. ಟ್ಯೂಫ್ ಮಾತ್ರವಲ್ಲದೆ ಡೆಕ್ರಾ ಮುಂತಾದ ಸಂಸ್ಥೆಗಳೂ ಮಾಡುತ್ತವಾದರೂ ಜನರ ಬಾಯಲ್ಲಿ ಅದಕ್ಕೆ ಟ್ಯೂಫ್ ಎಂದೇ ಹೆಸರು. ಹಿಂದಿನ ನಂಬರ್ ಪ್ಲೇಟಿನ ಮೇಲಿನ ಬಣ್ಣದ ದುಂಡು ಚೀಟಿಯನ್ನು ಹತ್ತಿರದಿಂದ ನೋಡಿ: ನಡುವಿನ ಅಂಕಿ ವರ್ಷ, ಸುತ್ತಲಿನ ಅಂಕಿಗಳಲ್ಲಿ ನೆತ್ತಿಯ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ನಿಂತಿರುವುದು ಮುಂದಿನ ತಪಾಸಣೆಯ ತಿಂಗಳು. ಹೊಸ ಟ್ಯೂಫ್ ಇದ್ದರೆ ಒಳ್ಳೆಯದೇ; ಆದರೆ ಅದು ರಸ್ತೆಯ ಸುರಕ್ಷತೆ ಮತ್ತು ಹೊಗೆಯ ತಪಾಸಣೆ, ಎಂಜಿನ್ನಿನ ಆಯುಸ್ಸಿನ ಜಾತಕವಲ್ಲ. ನನ್ನ ಟೈಮಿಂಗ್ ಬೆಲ್ಟಿನ ಕಥೆ ಅದಕ್ಕೆ ಸಾಕ್ಷಿ. ವರದಿಯ ಪೂರ್ತಿ ಹಾಳೆಯನ್ನೇ ಕೇಳಿ ಪಡೆಯಿರಿ. ಸಣ್ಣ ನ್ಯೂನತೆಗಳೆಂದು ಅದರಲ್ಲಿ ಬರೆದಿರುವುದು ಮುಂದಿನ ಖರ್ಚಿನ ಪಟ್ಟಿ. ಹಳೆಯ ವರದಿಗಳೂ ಇದ್ದರೆ ಅವುಗಳಲ್ಲಿರುವ ಕಿಲೋಮೀಟರ್ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮೀಟರು ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮೀಟರಿನ ಮಾತು ಬಂದಿತೆಂದು ಹೇಳುವೆ. ಅರವತ್ತು ಸಾವಿರ ಓಡಿದೆ ಎನ್ನುವ ಕಾರಿನ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದು, ಸ್ಟೀರಿಂಗಿನ ಮೇಲ್ಭಾಗ ಮಿರಿಮಿರಿ ಹೊಳೆಯುತ್ತಿದ್ದರೆ ಆ ಅಂಕಿಯನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ತಯಾರಾದದ್ದು. ಚಳಿಗಾಲದ ನಾಲ್ಕು ಟೈರುಗಳ ಇನ್ನೊಂದು ಸೆಟ್ ಕಾರಿನೊಂದಿಗೆ ಬರುತ್ತದೆಯೇ, ಅವುಗಳ ಮೇಲೆ ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತಿದೆಯೇ ನೋಡಿ. 2024ರ ಅಕ್ಟೋಬರ್‌ನಿಂದ ಹಿಮ, ಮಂಜುಗಡ್ಡೆಯ ರಸ್ತೆಯಲ್ಲಿ ಆ ಗುರುತಿಲ್ಲದ ಟೈರು ನಡೆಯುವುದಿಲ್ಲ. ಜಾಹೀರಾತಿನಲ್ಲಿ 'ಎಂಟು ಟೈರು' ಎಂದು ಹೆಮ್ಮೆಯಿಂದ ಬರೆದು, ನೋಡಿದರೆ ನಾಲ್ಕು ಗುಜರಿಗೆ ಹೋಗಬೇಕಾದವು ಇರುವುದು ಅಪರೂಪವೇನಲ್ಲ. ದುಡ್ಡು ಕೊಟ್ಟು ಟ್ಯೂಫ್, ಡೆಕ್ರಾ ಅಥವಾ ಎಡಿಎಸಿ ಕೇಂದ್ರದಲ್ಲಿ ಕೊಳ್ಳುವ ಮುನ್ನಿನ ತಪಾಸಣೆ ಮಾಡಿಸಬಹುದು. ಅದಕ್ಕೆ ಒಪ್ಪದ ಮಾರಾಟಗಾರನ ಕಾರನ್ನು ಮರೆತುಬಿಡಿ.

ಕಾಗದಪತ್ರ ಎರಡು. ಕಾರಿನಲ್ಲಿ ಇಟ್ಟುಕೊಳ್ಳುವುದು ಫಾರ್‌ತ್ಸೊಯ್ಗ್‌ಶೈನ್, ನಮ್ಮ ಆರ್‌ಸಿ ಇದ್ದಂತೆ. ಮನೆಯಲ್ಲಿ ಭದ್ರವಾಗಿಡುವುದು ಫಾರ್‌ತ್ಸೊಯ್ಗ್‌ಬ್ರೀಫ್. ಈ ಎರಡನೆಯದರ ಮೂಲಪ್ರತಿ ಕೈಗೆ ಬಾರದೆ ಒಂದು ಯೂರೋವನ್ನೂ ಕೊಡಬಾರದು. ಸಾಲದ ಕಾರಾದರೆ ಅದು ಬ್ಯಾಂಕಿನಲ್ಲಿರುತ್ತದೆ. ಮಾರುವವನ ಗುರುತಿನ ಚೀಟಿಯ ಹೆಸರನ್ನು ಅದರಲ್ಲಿನ ಹೆಸರಿಗೆ ಹೋಲಿಸಿ. ಬೇರೆ ಹೆಸರಿದ್ದರೆ ಅಧಿಕಾರಪತ್ರ ಕೇಳಿ. ಕಾಣದ ಕಾರಿಗೆ ಮುಂಗಡ ಕೇಳುವವರೆಲ್ಲ ವಂಚಕರೇ ಎಂದು ಇಟ್ಟುಕೊಳ್ಳುವುದು ಕ್ಷೇಮ. 2025ರ ಅಕ್ಟೋಬರ್‌ನಿಂದ ಯೂರೋ ವಲಯದ ಬ್ಯಾಂಕುಗಳು ತತ್‌ಕ್ಷಣ ಹಣ ಕಳಿಸುವ ಸೌಲಭ್ಯವನ್ನು ಮಾಮೂಲಿ ವರ್ಗಾವಣೆಗಿಂತ ಹೆಚ್ಚು ಶುಲ್ಕವಿಲ್ಲದೆ ಕೊಡಬೇಕಾಗಿರುವುದರಿಂದ, ಸಾವಿರಾರು ಯೂರೋ ನಗದು ಜೇಬಿನಲ್ಲಿಟ್ಟುಕೊಂಡು ಅಪರಿಚಿತ ಊರಿಗೆ ರೈಲು ಹತ್ತುವ ಅಗತ್ಯ ಈಗಿಲ್ಲ. ಮಿತಿಯನ್ನು ಮಾತ್ರ ಹಿಂದಿನ ದಿನವೇ ಬ್ಯಾಂಕಿನ ಆಪ್‌ನಲ್ಲಿ ಏರಿಸಿಟ್ಟುಕೊಳ್ಳಿ. ಒಪ್ಪಂದ ಪತ್ರದಲ್ಲಿ ಹಸ್ತಾಂತರದ ತಾರೀಖಷ್ಟೇ ಅಲ್ಲ, ಗಂಟೆ ನಿಮಿಷವನ್ನೂ ಬರೆಸಿ. ಅದೇ ಬೆಳಿಗ್ಗೆ ಹಳೆಯ ಮಾಲೀಕ ವೇಗಮಿತಿ ಮೀರಿ ಕ್ಯಾಮೆರಾಕ್ಕೆ ಸಿಕ್ಕಿದ್ದರೆ ಆ ನಿಮಿಷವೇ ನಿಮ್ಮ ಸಾಕ್ಷಿ.

ಪೆಟ್ರೋಲೋ ಡೀಸೆಲೋ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಕಾರಿನ ತೆರಿಗೆಯನ್ನು ಕಸ್ಟಮ್ಸ್ ಇಲಾಖೆ ವರ್ಷಕ್ಕೊಮ್ಮೆ ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತದೆ. ಪ್ರತಿ 100 ಸಿಸಿಗೆ ಪೆಟ್ರೋಲಿಗೆ 2 ಯೂರೋ, ಡೀಸೆಲ್‌ಗೆ 9.50 ಯೂರೋ; ಅದರ ಮೇಲೆ 2014ರಿಂದ 2020ರ ನಡುವೆ ನೋಂದಣಿಯಾದ ಕಾರುಗಳಿಗೆ ಕಿಲೋಮೀಟರಿಗೆ 95 ಗ್ರಾಂ ಮೀರಿದ ಪ್ರತಿ ಗ್ರಾಂ ಇಂಗಾಲದ ಡೈಆಕ್ಸೈಡಿಗೆ 2 ಯೂರೋ. 2021ರಿಂದ ನೋಂದಣಿಯಾದವಕ್ಕೆ ಈ ಎರಡನೆಯ ಭಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2018ರ ಒಂದು 1200 ಸಿಸಿ ಪೆಟ್ರೋಲ್ ಕಾರು 115 ಗ್ರಾಂ ಉಗುಳುತ್ತದೆ ಎಂದಿಟ್ಟುಕೊಂಡರೆ ತೆರಿಗೆ 24 ಮತ್ತು 40 ಸೇರಿ 64 ಯೂರೋ. ಅದೇ ವರ್ಷದ 1600 ಸಿಸಿ ಡೀಸೆಲ್ 105 ಗ್ರಾಂ ಉಗುಳಿದರೂ 152 ಮತ್ತು 20 ಸೇರಿ 172 ಯೂರೋ. ಪಂಪಿನಲ್ಲಿ ಡೀಸೆಲ್ ಅಗ್ಗವೆಂದು ಮರುಳಾಗುವವರು ಇದನ್ನು ಮೊದಲು ಕಳೆಯಬೇಕು. ಹಳೆಯ ಡೀಸೆಲ್ ಕಾರುಗಳಿಗೆ ಕೆಲವು ನಗರಗಳ ಒಳಗೆ ನಿರ್ಬಂಧವೂ ಇದೆ. ದಿನವೂ ಆಟೊಬಾನ್ ಹಿಡಿದು ದೂರ ಹೋಗುವವರನ್ನು ಬಿಟ್ಟರೆ, ಸೂಪರ್‌ಮಾರ್ಕೆಟ್, ಶಾಲೆ, ವಾರಾಂತ್ಯದ ದೇವಸ್ಥಾನ ಎನ್ನುವವರಿಗೆ ಸಣ್ಣ ಪೆಟ್ರೋಲ್ ಕಾರು ಸಾಕು.

ವಿಮೆಯ ಮೂರು ಹಂತ

ನಮ್ಮ ಥರ್ಡ್ ಪಾರ್ಟಿಗೆ ಇಲ್ಲಿ ಹಾಫ್ಟ್‌ಫ್ಲಿಷ್ಟ್ ಎನ್ನುತ್ತಾರೆ. ಇದು ಕಡ್ಡಾಯ, ಇದಿಲ್ಲದೆ ನಂಬರ್ ಪ್ಲೇಟೇ ಸಿಗುವುದಿಲ್ಲ. ಕಾನೂನು ಕೇಳುವ ಕನಿಷ್ಠ ರಕ್ಷಣೆ ಜನರಿಗಾದ ಹಾನಿಗೆ 75 ಲಕ್ಷ ಯೂರೋ, ಆಸ್ತಿ ಹಾನಿಗೆ 13 ಲಕ್ಷ ಯೂರೋ. ಬಹುತೇಕ ಕಂಪನಿಗಳು 10 ಕೋಟಿ ಯೂರೋವರೆಗಿನ ಒಪ್ಪಂದವನ್ನು ಕೊಡುತ್ತವೆ. ಕನಿಷ್ಠಕ್ಕೂ ಅದಕ್ಕೂ ಕಂತಿನಲ್ಲಿ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲವಾದ್ದರಿಂದ ಇಲ್ಲಿ ಉಳಿತಾಯ ಮಾಡಲು ಹೋಗಬಾರದು.

ಟೈಲ್‌ಕಾಸ್ಕೊ ಎಂಬುದು ಎರಡನೆಯ ಹಂತ. ಕಳ್ಳತನ, ಬೆಂಕಿ, ಆಲಿಕಲ್ಲು, ಬಿರುಗಾಳಿ, ನೆರೆ, ಗಾಜು ಒಡೆಯುವುದು, ಕಾಡುಪ್ರಾಣಿಗೆ ಡಿಕ್ಕಿ ಇವು ಇದರಲ್ಲಿ ಬರುತ್ತವೆ. ಫೋಲ್‌ಕಾಸ್ಕೊ ಇವೆಲ್ಲದರ ಜೊತೆಗೆ ನಿಮ್ಮದೇ ತಪ್ಪಿನಿಂದ ನಿಮ್ಮ ಕಾರಿಗಾದ ಹಾನಿಯನ್ನೂ, ಯಾರೋ ಬೇಕೆಂದೇ ಗೀಚಿ ಕೆಡಿಸಿದ್ದನ್ನೂ ತುಂಬಿಕೊಡುತ್ತದೆ. ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಾಳೆ ನನ್ನದೇ ತಪ್ಪಿನಿಂದ ಈ ಕಾರು ಪೂರ್ತಿ ಹೋದರೆ, ಇಂಥದೇ ಇನ್ನೊಂದನ್ನು ಉಳಿತಾಯದ ಹಣದಿಂದ ಕೊಳ್ಳಬಲ್ಲೆನೇ? ಕೊಳ್ಳಬಲ್ಲೆ ಎನ್ನುವವರಿಗೆ ಟೈಲ್‌ಕಾಸ್ಕೊ ಸಾಕು, ಇಲ್ಲ ಎನ್ನುವವರಿಗೆ ಫೋಲ್‌ಕಾಸ್ಕೊ ಬೇಕು. ಸಾಲದ ಕಾರಿಗೆ ಬ್ಯಾಂಕೇ ಸಾಮಾನ್ಯವಾಗಿ ಫೋಲ್‌ಕಾಸ್ಕೊ ಕೇಳುತ್ತದೆ. ಎರಡರಲ್ಲೂ ಕಂಪನಿ ಕೊಡುವುದು ನೀವು ಕೊಟ್ಟ ಬೆಲೆಯನ್ನಲ್ಲ, ಅಪಘಾತದ ಹಿಂದಿನ ಕ್ಷಣದಲ್ಲಿ ಅಂಥ ಕಾರಿಗೆ ಮಾರುಕಟ್ಟೆಯಲ್ಲಿದ್ದ ಬೆಲೆಯನ್ನು, ಅದರಲ್ಲೂ ನೀವೇ ಭರಿಸಬೇಕಾದ ಪಾಲಾದ ಜೆಲ್ಬ್ಸ್ಟ್‌ಬೆಟೈಲಿಗುಂಗ್ ಕಳೆದು. ಟೈಲ್‌ಕಾಸ್ಕೊಗೆ 150, ಫೋಲ್‌ಕಾಸ್ಕೊಗೆ 300 ಯೂರೋ ಎಂಬುದು ರೂಢಿಯ ಪಾಲು. ನಾಲ್ಕು ಸಾವಿರ ಯೂರೋದ ಹತ್ತು ವರ್ಷದ ಕಾರಿಗೆ ಫೋಲ್‌ಕಾಸ್ಕೊ ಮಾಡಿಸುವುದು ಹಗ್ಗಕ್ಕೆ ಎತ್ತಿಗಿಂತ ಹೆಚ್ಚು ಕೊಟ್ಟಂತೆ.

ಇನ್ನೊಂದು ಅಂತರವೂ ಇದೆ, ಇದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಟೈಲ್‌ಕಾಸ್ಕೊದಲ್ಲಿ ಅಪಘಾತರಹಿತ ವರ್ಷಗಳಿಗೆ ತಕ್ಕಂತೆ ಕಂತು ಇಳಿಸುವ ಶ್ರೇಣಿ ಇಲ್ಲ; ಆದಕಾರಣ ಕಲ್ಲು ಸಿಡಿದು ಒಡೆದ ಮುಂಗಾಜಿಗೆ ಪರಿಹಾರ ಪಡೆದರೆ ಶ್ರೇಣಿ ಕುಸಿಯುವ ಭಯವಿಲ್ಲ. ಫೋಲ್‌ಕಾಸ್ಕೊಗೆ ಶ್ರೇಣಿ ಇದೆ. ಇಪ್ಪತ್ತು ವರ್ಷ ಸ್ವಚ್ಛ ಚಾಲನೆಯ ದಾಖಲೆಯಿರುವ ಜರ್ಮನ್ ಸಹೋದ್ಯೋಗಿ, ಅಯ್ಯೋ, ಎರಡಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ, ಫೋಲ್‌ಕಾಸ್ಕೊನೇ ತಗೋ ಎಂದು ಹೇಳಿದರೆ, ಅವರ ಲೆಕ್ಕದಲ್ಲಿ ಅದು ನಿಜ. ಕೆಳಗಿನ ಮೆಟ್ಟಿಲಲ್ಲಿ ನಿಂತ ನಿಮಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿರುತ್ತದೆ.

ಶ್ರೇಣಿ ಎಂಬ ಏಣಿ

ಎಸ್‌ಎಫ್ ಎಂದು ಕರೆಯುವ ಈ ಶ್ರೇಣಿಯೇ ಕಂತನ್ನು ಎಲ್ಲಕ್ಕಿಂತ ಹೆಚ್ಚಾಗಿ ಏರಿಳಿಸುವುದು. ಹೊಸಬರು ಸೊನ್ನೆಯಿಂದ, ಲೈಸೆನ್ಸ್ ಪಡೆದು ಮೂರು ವರ್ಷ ದಾಟಿದವರು ಅರ್ಧದಿಂದ ಆರಂಭಿಸುತ್ತಾರೆ. ಆಮೇಲೆ ಅಪಘಾತವಿಲ್ಲದ ವರ್ಷಕ್ಕೊಂದು ಮೆಟ್ಟಿಲು. ಆ ಮೂರು ವರ್ಷವನ್ನು ಭಾರತದ ಲೈಸೆನ್ಸಿನ ತಾರೀಖಿನಿಂದ ಎಣಿಸುವ ಕಂಪನಿಗಳಿವೆ, ಜರ್ಮನ್ ಲೈಸೆನ್ಸಿನ ತಾರೀಖಿನಿಂದ ಮಾತ್ರ ಎಣಿಸುವವೂ ಇವೆ. ಒಂದೇ ಕಾರಿಗೆ ಎರಡು ಕಂಪನಿಗಳ ಕಂತು ಆಕಾಶ ಭೂಮಿಯಷ್ಟು ಬೇರೆಯಾಗುವುದು ಹಲವು ಸಲ ಈ ಒಂದೇ ಕಾರಣಕ್ಕೆ. ಆನ್‌ಲೈನ್ ಅರ್ಜಿಯಲ್ಲಿ ತಾರೀಖು ತುಂಬುವ ಮುನ್ನ ಮಿಂಚಂಚೆಯಲ್ಲಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ನಮ್ಮಲ್ಲಿ ಕ್ಲೇಮ್ ಮಾಡದ ಮೊದಲ ವರ್ಷಕ್ಕೆ 20ರಿಂದ ಶುರುವಾಗಿ ಐದು ವರ್ಷಕ್ಕೆ 50 ಪ್ರತಿಶತದವರೆಗೆ ಏರುವ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ಊರಿನಲ್ಲಿ ಕಾರು ಮಾರಿ ಬರುವವರು ವಿಮಾ ಕಂಪನಿಯಿಂದ ಅದರ ಪತ್ರವನ್ನು ವರ್ಷಗಳ ವಿವರದೊಂದಿಗೆ ಬರೆಸಿಕೊಂಡು ಬರುವುದು ಒಳ್ಳೆಯದು. ಅದನ್ನು ಒಪ್ಪುವುದು ಬಿಡುವುದು ಜರ್ಮನ್ ಕಂಪನಿಯ ಇಚ್ಛೆ. ಆದರೆ ಕೈಯಲ್ಲಿ ಪತ್ರವೇ ಇಲ್ಲದಿದ್ದರೆ ಕೇಳುವುದಕ್ಕೂ ಆಗುವುದಿಲ್ಲ. ಕಾರು ಕೊಳ್ಳುವ ತಿಂಗಳಿಗೂ ಬೆಲೆಯಿದೆ. ಸಾಮಾನ್ಯ ನಿಯಮದಂತೆ ಆ ವರ್ಷದಲ್ಲಿ ಕನಿಷ್ಠ ಆರು ತಿಂಗಳು ವಿಮೆ ಇದ್ದರೆ ಮಾತ್ರ ಜನವರಿಯಲ್ಲಿ ಮುಂದಿನ ಮೆಟ್ಟಿಲು. ಜೂನ್ ಕೊನೆಯಲ್ಲಿ ಕೊಂಡವರು ಏರುತ್ತಾರೆ, ಆಗಸ್ಟ್‌ನಲ್ಲಿ ಕೊಂಡವರು ಇನ್ನೊಂದು ವರ್ಷ ಅಲ್ಲೇ ನಿಲ್ಲುತ್ತಾರೆ.

ಕಾರಿನ ಮಾದರಿ ಮತ್ತು ನೀವಿರುವ ಊರು ಕೂಡ ಲೆಕ್ಕಕ್ಕೆ ಬರುತ್ತವೆ. ಪ್ರತಿ ಮಾದರಿಗೂ ಒಂದು ವರ್ಗ ಇದೆ, ಹಾಫ್ಟ್‌ಫ್ಲಿಷ್ಟ್‌ನಲ್ಲಿ 10ರಿಂದ 25ರವರೆಗೆ. ಆ ಮಾದರಿ ದೇಶದಾದ್ಯಂತ ಎಷ್ಟು ಹಾನಿ ಮಾಡಿದೆ ಎಂಬುದರ ಮೇಲೆ ವಿಮಾ ಕಂಪನಿಗಳ ಒಕ್ಕೂಟ ಅದನ್ನು ವರ್ಷವರ್ಷವೂ ಪರಿಷ್ಕರಿಸುತ್ತದೆ. ಯುವಕರು ಮೆಚ್ಚುವ ಕಾರುಗಳು ಮೇಲಿರುತ್ತವೆ, ನಿವೃತ್ತರು ಮೆಚ್ಚುವವು ಕೆಳಗೆ. ಆದ್ದರಿಂದ ಮೂರು ಕಾರುಗಳನ್ನು ಆರಿಸಿಟ್ಟುಕೊಂಡಿದ್ದರೆ, ನೋಡಲು ಹೋಗುವ ಮೊದಲೇ ಮೂರಕ್ಕೂ ವಿಮೆಯ ಬೆಲೆ ತೆಗೆಯಿರಿ. ಐನೂರು ಯೂರೋ ಅಗ್ಗವಾದ ಕಾರು ಎರಡೇ ವರ್ಷದ ಕಂತಿನಲ್ಲಿ ಆ ಐನೂರನ್ನು ಹಿಂದಕ್ಕೆ ಕಿತ್ತುಕೊಳ್ಳಬಹುದು.

ಕಂಪನಿ ಮತ್ತು ಕರಾರು

ಆನ್‌ಲೈನ್ ಕಂಪನಿಗಳು ಅಗ್ಗ. ಊರಿನ ಏಜೆಂಟರ ಮೂಲಕ ಮಾಡಿಸುವುದು ದುಬಾರಿ, ಆದರೆ ಅಪಘಾತವಾದ ದಿನ ಫೋನೆತ್ತುವ ಒಬ್ಬ ಪರಿಚಿತ ಮನುಷ್ಯ ಇರುತ್ತಾನೆ. ಭಾರತದ ಲೈಸೆನ್ಸಿನ ತಾರೀಖು, ಬೋನಸ್ ಪತ್ರ ಇಂಥ ಅಡ್ಡದಾರಿಯ ಪ್ರಶ್ನೆಗಳಿಗೆ ಆನ್‌ಲೈನ್ ಅರ್ಜಿಯಲ್ಲಿ ಜಾಗವೇ ಇರುವುದಿಲ್ಲವಾದ್ದರಿಂದ, ಮೊದಲ ವರ್ಷ ಏಜೆಂಟರ ಬಳಿ ಹೋಗಿ, ಭಾಷೆ ಮತ್ತು ವ್ಯವಸ್ಥೆ ತಿಳಿದ ಮೇಲೆ ಆನ್‌ಲೈನಿಗೆ ಹೋಗುವುದನ್ನು ನಾನು ಸಮರ್ಥಿಸುತ್ತೇನೆ. ಚೆಕ್24, ವೆರಿವಾಕ್ಸ್‌ ಜಾಲತಾಣಗಳಲ್ಲಿ ಹೋಲಿಕೆ ನೋಡಬಹುದು. ಎಲ್ಲ ಕಂಪನಿಗಳೂ ಅಲ್ಲಿರುವುದಿಲ್ಲ ಎಂಬುದು ನೆನಪಿರಲಿ.

ಬೆಲೆಗಿಂತ ಹೆಚ್ಚಾಗಿ ಕರಾರುಗಳನ್ನು ಹೋಲಿಸಬೇಕು. ಕೆಲವು ಅಗ್ಗದ ಟೈಲ್‌ಕಾಸ್ಕೊಗಳಲ್ಲಿ 'ಹಾರ್‌ವಿಲ್ಡ್' ಎಂದು ಮಾತ್ರ ಬರೆದಿರುತ್ತದೆ, ಎಂದರೆ ಜಿಂಕೆ, ಹಂದಿ, ನರಿಯಂಥ ತುಪ್ಪಳದ ಕಾಡುಪ್ರಾಣಿ. ನಾಯಿ, ಕುದುರೆ, ದನ, ಹಕ್ಕಿ ಅದರಲ್ಲಿ ಬರುವುದಿಲ್ಲ. ಎಮ್ಮೆ ಅಡ್ಡ ಬರುವ ರಸ್ತೆಯಲ್ಲಿ ಬೆಳೆದ ನಮಗೆ ಈ ಭೇದ ವಿಚಿತ್ರವೆನಿಸಿದರೂ, 'ಎಲ್ಲ ಪ್ರಾಣಿಗಳು' ಎಂದಿರುವ ಒಪ್ಪಂದವನ್ನೇ ಆರಿಸಿ. ಮಾರ್ಡರ್ ಎಂಬ, ಬೆಕ್ಕಿನಷ್ಟು ಗಾತ್ರದ, ಮುಂಗುಸಿಯನ್ನು ಹೋಲುವ ಪ್ರಾಣಿ ರಾತ್ರಿ ಬಾನೆಟ್ಟಿನೊಳಗೆ ನುಗ್ಗಿ ವೈರು, ಹೋಸು ಕಡಿಯುತ್ತದೆ, ಬೆಂಗಳೂರಿನ ಬೇಸ್‌ಮೆಂಟ್‌ನಲ್ಲಿ ಇಲಿ ಮಾಡುವ ಹಾಗೆ. ಕಡಿದ ವೈರಿಗಷ್ಟೇ ಅಲ್ಲ, ಅದರಿಂದ ಎಂಜಿನ್ನಿಗಾದ ಮುಂದಿನ ಹಾನಿಗೂ ರಕ್ಷಣೆ ಇದೆಯೇ ನೋಡಿ. 'ಗ್ರೋಬೆ ಫಾರ್‌ಲೆಸಿಗ್‌ಕೈಟ್', ಎಂದರೆ ಕೆಂಪು ದೀಪ ದಾಟಿದಂಥ ಘೋರ ಅಜಾಗರೂಕತೆ ಇದ್ದರೂ ಪರಿಹಾರ ಕಡಿತ ಮಾಡುವುದಿಲ್ಲ ಎಂಬ ಕರಾರು ಇರಲೇಬೇಕು. ಕುಡಿದು ಓಡಿಸಿದವರಿಗೆ ಅದೂ ಒದಗುವುದಿಲ್ಲ. ಕಂಪನಿ ಹೇಳಿದ ಗ್ಯಾರೇಜಿನಲ್ಲೇ ದುರಸ್ತಿ ಮಾಡಿಸುತ್ತೇನೆ ಎಂಬ ವೆರ್ಕ್‌ಶ್ಟಾಟ್‌ಬಿಂಡುಂಗ್ ಒಪ್ಪಿಕೊಂಡರೆ ಕಂತು ಇಳಿಯುತ್ತದೆ. ಸ್ವಂತದ ಗ್ಯಾರೇಜ್ ಗೊತ್ತಿಲ್ಲದ ನಮ್ಮಂಥವರಿಗೆ ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಭಾರತದಲ್ಲಿ ಲೈಸೆನ್ಸ್ ಇರುವ ಯಾರು ಬೇಕಾದರೂ ಕಾರು ಓಡಿಸುವ ರೂಢಿ ನಮಗಿದೆ. ಇಲ್ಲಿ ಒಪ್ಪಂದದಲ್ಲಿ ಯಾರು ಓಡಿಸುತ್ತಾರೆ, ಎಲ್ಲರಿಗಿಂತ ಕಿರಿಯರ ವಯಸ್ಸೆಷ್ಟು, ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆದಿರಬೇಕು. ಹೆಂಡತಿಯೋ ಗಂಡನೋ ಓಡಿಸುವುದಿದ್ದರೆ ಮೊದಲೇ ಸೇರಿಸಿ. ಬೇಸಿಗೆಗೆ ಬರುವ ತಮ್ಮ ಎರಡು ವಾರ ಓಡಿಸುತ್ತಾನೆಂದರೆ ಆ ಅವಧಿಗೆ ಮಾತ್ರ ಸೇರಿಸಿಕೊಳ್ಳುವ ಅವಕಾಶ ಹಲವರಲ್ಲಿದೆ. ಹೇಳದೆ ಬಿಟ್ಟರೆ ದಂಡದ ಕಂತು ಬೀಳುತ್ತದೆ.

ನೋಂದಣಿಯ ದಿನ

ವಿಮೆ ಒಪ್ಪಿದ ಕಂಪನಿ ಇವಿಬಿ ಎಂಬ ಏಳು ಅಕ್ಷರ-ಅಂಕಿಗಳ ಸಂಖ್ಯೆ ಕೊಡುತ್ತದೆ. ಅದರೊಂದಿಗೆ ಎರಡೂ ಕಾರು ಪತ್ರ, ಟ್ಯೂಫ್ ವರದಿ, ತೆರಿಗೆಗೆ ಬ್ಯಾಂಕ್ ಖಾತೆಯ ಅನುಮತಿ, ಪಾಸ್‌ಪೋರ್ಟ್ ಹಾಗೂ ವಿಳಾಸ ನೋಂದಣಿಯ ಪತ್ರ ಹಿಡಿದು ನೋಂದಣಿ ಕಚೇರಿಗೆ ಹೋಗಬೇಕು. ಜರ್ಮನರು ಗುರುತಿನ ಚೀಟಿ ಒಂದರಲ್ಲೇ ಮುಗಿಸುವುದನ್ನು ಕಂಡು ವಿಳಾಸ ಪತ್ರ ಮರೆತು ಹೋದವರು, ಮುಂದಿನ ಸಮಯಕ್ಕಾಗಿ ಮತ್ತೆ ಮೂರು ವಾರ ಕಾಯುತ್ತಾರೆ. ಗಮನಿಸಬೇಕಾದದ್ದು ಇನ್ನೊಂದಿದೆ: ಬರೀ ಇವಿಬಿ ಸಂಖ್ಯೆ ಎಂದರೆ ಸಾಮಾನ್ಯವಾಗಿ ಹಾಫ್ಟ್‌ಫ್ಲಿಷ್ಟ್ ಮಾತ್ರ. ಪಾಲಿಸಿ ಕೈಸೇರುವ ಮುಂಚಿನ ದಿನಗಳಿಗೂ ಕಾಸ್ಕೊ ರಕ್ಷಣೆ ಬೇಕೆಂದರೆ ಅದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಕಾರನ್ನು ಮನೆಗೆ ತರುವ ಆ ಮೊದಲ ದಾರಿಯೇ ಎಲ್ಲಕ್ಕಿಂತ ಅಪಾಯದ್ದು. ಹಳೆಯ ನಂಬರ್ ಪ್ಲೇಟ್ ಈಗಾಗಲೇ ರದ್ದಾಗಿದ್ದರೆ, ಬಲಗಡೆ ಹಳದಿ ಪಟ್ಟಿಯಲ್ಲಿ ತಾರೀಖು ಇರುವ, ಐದು ದಿನ ನಡೆಯುವ ತಾತ್ಕಾಲಿಕ ಪ್ಲೇಟ್ ಸಿಗುತ್ತದೆ. ಅದಕ್ಕೂ ವಿಮೆ ಬೇಕು.

ಕಂತನ್ನು ವರ್ಷಕ್ಕೊಮ್ಮೆ ಕಟ್ಟಿದರೆ ತಿಂಗಳ ಲೆಕ್ಕಕ್ಕಿಂತ ಅಗ್ಗ. ಹೆಚ್ಚಿನ ಪಾಲಿಸಿಗಳು ಡಿಸೆಂಬರ್ 31ಕ್ಕೆ ಮುಗಿಯುವುದರಿಂದ, ಕಂಪನಿ ಬದಲಿಸುವವರು ನವೆಂಬರ್ 30ರೊಳಗೆ ಹಳೆಯದಕ್ಕೆ ರದ್ದು ಪತ್ರ ತಲುಪಿಸಬೇಕು. ಕಂತು ಏರಿಸಿದ್ದರೆ ಆಮೇಲೂ ಒಂದು ತಿಂಗಳ ವಿಶೇಷ ಅವಕಾಶವಿದೆ. ಅರ್ಧದ ಮೆಟ್ಟಿಲಿನಿಂದ ಒಂದಕ್ಕೆ ಏರುವ ಆ ಮೊದಲ ನವೆಂಬರ್‌ನಲ್ಲಿ, ಎಷ್ಟೇ ಸೋಮಾರಿತನವಿದ್ದರೂ, ಮತ್ತೊಮ್ಮೆ ಬೆಲೆ ತೆಗೆದು ನೋಡಿ.